ಆಯಿಯ ಕಿವಿಗೆ ತಾಗಿದ ಔಷಧಿ

ಒಂದು ಬೆಳಿಗ್ಗೆ ಎದ್ದಾಗ ಆಯಿಗೆ, ಅಂದರೆ ನನ್ನ ಅಮ್ಮನಿಗೆ, ಎರಡೂ ಕಿವಿ ಕೇಳುತ್ತಿರಲಿಲ್ಲ. ಬೆಳ್ಳುಳ್ಳಿ ಎಣ್ಣೆ ಬಿಟ್ಟದ್ದಾಯಿತು, ಶಿರಸಿಯ ಡಾಕ್ಟರರ ಮಾತ್ರೆಯಾಯಿತು. ಕೊನೆಗೆ ಅಪ್ಪಯ್ಯ ಯಲ್ಲಾಪುರದ ಕಡೆಯಿಂದ ಯಾವುದೋ ಬೇರಿನ ರಸ ತಂದ. ಔಷಧಿ ತಾಗಿತೋ ಇಲ್ಲವೋ ನೋಡಲು ನಾನು ದಿನಾ ಬಾವಿಕಟ್ಟೆಯಲ್ಲಿ ಹಿತ್ತಾಳೆ ಕೊಡ ಬೆಳಗುವ ಆಯಿಯ ಬೆನ್ನ ಹಿಂದೆ ನಿಂತು ಕರೆಯುತ್ತಿದ್ದೆ. ಒಂದು ದಿನ “ಎಂತಾ ಕೂಸೇ?” ಎಂದು ತಿರುಗಿದಳು. ಅಪ್ಪಯ್ಯ ಅತ್ತೇಬಿಟ್ಟ, ಕಿವುಡರಿದ್ದ ಮನೆಮನೆಗೂ ಆ ರಸ ಹೊತ್ತುಕೊಂಡು ಹೋದ. ಅವರಲ್ಲಿ ಯಾರಿಗೆ ಕೇಳಿಸಿತು ಎಂದು ಒಬ್ಬರಾದರೂ ವಿಚಾರಿಸಬೇಡವೇ? ಆಯಿಗೆ ಗುಣವಾಯಿತಲ್ಲ, ಸಾಕಾಯಿತು!

ಒಂದು ಸಂಜೆ ಆಯಿ ತುಳಸಿಗೆ ದೀಪ ಇಡುತ್ತಿದ್ದಳು. ಹಿಂದಿನಿಂದ ಕರೆದೆ, ಕೂಗಿದೆ. ತಿರುಗಲಿಲ್ಲ. ನನ್ನ ಮುಖ ಕಾಣಿಸಲು ಅಲ್ಲಿ ಆ ಹೊಳೆಯುವ ಕೊಡ ಇರಲಿಲ್ಲ.