ಎಂಟನೇ ಕೋಟೆಯ ಬಾಗಿಲು ಮತ್ತು ಮಾಮಿಯ ‘ಪರವಾ’

ಬುಧವಾರ ಮಧ್ಯಾಹ್ನ ಬೆಳಗಾವಿಯ ಒಂದು ಥೇಟರಿನ ಮೆಟ್ಟಿಲ ಮೇಲೆ, ಎರಡೂ ಕೈಯಲ್ಲಿ ಪಾಪ್‌ಕಾರ್ನ್ ಡಬ್ಬಿ ಹಿಡಿದು, ಬಾಯಲ್ಲಿ ಎರಡು ಟಿಕೆಟ್ ಕಚ್ಚಿಕೊಂಡು ಒಬ್ಬನೇ ನಿಂತಿದ್ದ ಇಪ್ಪತ್ತಾರು ವರ್ಷದ ಹುಡುಗನನ್ನು ನೀವು ನೋಡಿದ್ದರೆ, ಅದು ನಾನೇ. ಸಿನಿಮಾ ಶುರುವಾಗಿ ಅರ್ಧ ತಾಸಾಗಿತ್ತು. ಬಾಗಿಲು ಕಾಯುವವರು ಹತ್ತಿರ ಬಂದು ಹೆಗಲ ಮೇಲೆ ಕೈಯಿಟ್ಟರು.

“ಬರೂದಿಲ್ಲ ಬಿಡ್ರಿ ಆಕಿ. ಇಂಥಾವು ಭಾಳ ನೋಡೇನಿ. ಒಳಗ ಹೋಗಿ ಏಸಿಯಾಗರ ಕುಂದರ್ರಿ.”

“ಹುಡುಗಿ ಅಲ್ರಿ, ನಮ್ಮ ಮಾಮಿ. ಐವತ್ತೆರಡು ವರ್ಷ,” ಎಂದೆ, ಟಿಕೆಟ್ ಕಚ್ಚಿದ ಬಾಯಿಂದಲೇ.

ಅವರು ಹೆಗಲಿನಿಂದ ಕೈ ತೆಗೆದರು. “ಕಾರ್ಟೂನ್ ನೋಡಾಕ ಮಾಮೀನ್ನ ಕರದೀರಿ?”

ಹೌದು, ಕಾರ್ಟೂನೇ. ಆದರೆ ಅದು ಯಾವ ಕಾರ್ಟೂನು ಅಂತ ಹೇಳದಿದ್ದರೆ ನನ್ನ ಮಾನ ಉಳಿಯುವುದಿಲ್ಲ. ಹೇಳಿದರೂ ಉಳಿಯುವುದಿಲ್ಲ, ಆ ಮಾತು ಬೇರೆ.

ಮಾಮಿ ಅಂದರೆ ನನ್ನ ತಾಯಿಯ ತಮ್ಮನ ಹೆಂಡತಿ. ಮಾಮಾ ಮತ್ತು ಆಕೆ ಖಾನಾಪುರದಲ್ಲಿ ಮಡಕೆ, ಹಣತೆ, ಕುಂಡ ಮಾಡುತ್ತಾರೆ. ನಾನು ಏಳು ವರ್ಷದವನಿದ್ದಾಗ ಮಾಮಾ ಎಲ್ಲಿಂದಲೋ ಟಿವಿಗೆ ಜೋಡಿಸುವ ಒಂದು ಹಳೇ ಗೇಮ್ ಮಶೀನು ತಂದಿದ್ದರು. ಅದಕ್ಕಿದ್ದದ್ದು ಒಂದೇ ಕ್ಯಾಸೆಟ್. ಅದರೊಳಗೆ ಗುಂಡಗಿನ ಒಬ್ಬ ಕುಳ್ಳ, ಕೈಯಲ್ಲಿ ಛತ್ರಿ. ಅವನ ಖರೇ ಹೆಸರು ನಮಗೆ ಗೊತ್ತಿರಲಿಲ್ಲ. ಛತ್ರ್ಯಾ ಅನ್ನುತ್ತಿದ್ದೆವು. ಛತ್ರ್ಯಾ ಎಂಟು ಕೋಟೆ ಹತ್ತಬೇಕು, ಎಂಟನೇ ಕೋಟೆಯ ತುದಿಯಲ್ಲಿ ಒಂದು ನೀಲಿ ಬಾಗಿಲು ತೆರೆಯಬೇಕು. ಯಾಕೆ ಅಂತ ಮಶೀನು ಹೇಳುತ್ತಿರಲಿಲ್ಲ. ನಡುವೆ ಸತ್ತರೆ ಮತ್ತೆ ಒಂದನೇ ಕೋಟೆ.

ಇಡೀ ಓಣಿಯಲ್ಲಿ ಮೂರನೇ ಕೋಟೆ ದಾಟಿದವರು ಯಾರೂ ಇರಲಿಲ್ಲ, ಮಾಮಿಯನ್ನು ಬಿಟ್ಟು. ದಿನವಿಡೀ ತಿರುಗುವ ಮಣ್ಣನ್ನು ಒತ್ತಿ ಒತ್ತಿ ಪಳಗಿದ ಹೆಬ್ಬೆರಳು ಆಕೆಯದು. ಆ ಬೆರಳಿನ ಮುಂದೆ ಬಾವಲಿಯೂ ಇಲ್ಲ, ಬೆಂಕಿಯೂ ಇಲ್ಲ. ಒಂದು ಬೇಸಿಗೆಯ ಮಧ್ಯಾಹ್ನ ಆಕೆ ನೀಲಿ ಬಾಗಿಲ ತನಕ ಮುಟ್ಟಿಯೇಬಿಟ್ಟಳು. ಬಾಜೂ ಮನೆಯ ಹೆಂಗಸರೆಲ್ಲ ಹೊಸ್ತಿಲಲ್ಲಿ ಜಮಾಯಿಸಿದ್ದರು. ಮಾಮಿಗೆ ಬಾಯಾರಿರಬೇಕು ಅಂತ ನಾನು ಮಜ್ಜಿಗೆಯ ತಂಬಿಗೆ ಹಿಡಿದು ಓಡಿ ಬಂದೆ. ಕಾಲಿಗೆ ವಾಯರ್ ಸಿಕ್ಕಿತು. ನಾನು, ತಂಬಿಗೆ, ಮಶೀನು ಮೂವರೂ ಒಟ್ಟಿಗೇ ನೆಲಕ್ಕೆ. ಮಜ್ಜಿಗೆ ಕುಡಿದ ಮಶೀನು ಮತ್ತೆಂದೂ ಎದ್ದೇಳಲಿಲ್ಲ, ಅಟ್ಟ ಸೇರಿತು.

ಅಂದಿನಿಂದ ನಮ್ಮ ಬಳಗದಲ್ಲಿ ನನ್ನ ಗುರುತು ಅದೇ. ಮದುವೆ ಮನೆಗಳಲ್ಲಿ, “ಇಂವ ಯಾರು? ಫೌಂಡ್ರ್ಯಾಗ ಇರ್ತಾನಲ್ಲ ಅಂವ?” ಎಂದು ಯಾರಾದರೂ ಕೇಳಿದರೆ, “ಹೂಂ, ವಾಯರ್ ಕಿತ್ತಾಂವ” ಎಂದು ಉತ್ತರ. ಮೊದಲು ಅಳುತ್ತಿದ್ದೆ. ಆಮೇಲೆ ಜಾಣನಾದೆ, ಕಥೆಯನ್ನು ನಾನೇ ಹೇಳಲು ಶುರುಮಾಡಿದೆ. ಪ್ರತಿ ಸಲ ಸ್ವಲ್ಪ ಉಪ್ಪು ಖಾರ. ತಂಬಿಗೆ ಕೊಡವಾಯಿತು, ಕೊಡ ಹಂಡೆಯಾಯಿತು. ಈಗಿನ ಆವೃತ್ತಿಯಲ್ಲಿ ಒಂದು ಎಮ್ಮೆಯೂ ಒಳಗೆ ಬರುತ್ತದೆ, ಖಾನಾಪುರದ ಅರ್ಧ ಊರಿನ ಕರೆಂಟು ಹೋಗುತ್ತದೆ. ಜನ ಬಿದ್ದು ಬಿದ್ದು ನಗುತ್ತಾರೆ. ನನ್ನ ಬಳಿ ಇರುವ ಒಂದೇ ಆಸ್ತಿ ಅದು.

ಮಾಮಿ ಮಾತ್ರ ನಗುತ್ತಿರಲಿಲ್ಲ. ನನ್ನ ಮುಖ ನೋಡುತ್ತ, “ಬಾಗಿಲ ಹಿಂದ ಏನ್ ಇತ್ತೋ ಏನೋ,” ಅನ್ನುವಳು. ಹತ್ತೊಂಬತ್ತು ವರ್ಷ ಅದೇ ಮಾತು.

ಅಂಥ ಛತ್ರ್ಯಾನ ಮೇಲೆಯೇ ಸಿನಿಮಾ ಬಂತು. ಪೋಸ್ಟರಿನಲ್ಲಿ ಅದೇ ಛತ್ರಿ, ಹಿಂದೆ ಅದೇ ನೀಲಿ ಬಾಗಿಲು. ಮಂಗಳವಾರ ಉದ್ಯಮಬಾಗದ ನಮ್ಮ ಫೌಂಡ್ರಿಯಿಂದಲೇ ಮಾಮಿಗೆ ಫೋನು ಹಚ್ಚಿದೆ. ಎರಕದ ತುಂಡುಗಳ ಅಳತೆ ನೋಡುವುದು ನನ್ನ ಕೆಲಸ. ಕೂದಲೆಳೆಯಷ್ಟು ತಪ್ಪಿದರೂ ಹಿಡಿಯುತ್ತೇನೆ ಅಂತ ಎದೆ ಉಬ್ಬಿಸಿ ತಿರುಗುವವನು.

“ಮಾಮಿ, ಬಾಗಿಲ ಹಿಂದ ಏನೈತಿ ತೋರಸ್ತೇನಿ. ನಾಳೆ ಬಾ, ಮಧ್ಯಾಹ್ನದ ಶೋ!”

ಬಾಜೂದಲ್ಲಿ ಗ್ರೈಂಡರ್ ಕಿರುಚುತ್ತಿತ್ತು. ಆ ಕಡೆಯಿಂದ ಕೇಳಿಸಿದ್ದು ಒಂದೇ ಶಬ್ದ. “ಪರವಾ…”

ಪರವಾ ಇಲ್ಲ, ಅಂದರೆ ಅಡ್ಡಿಯಿಲ್ಲ. ಬರುತ್ತಾಳೆ. ಟಿಕೆಟ್ ತೆಗೆದೆ. ಬುಧವಾರ ಹಲ್ಲು ಕೀಳಿಸಬೇಕು ಅಂತ ಸೂಪರ್‌ವೈಸರ್‌ಗೆ ಸುಳ್ಳು ಹೇಳಿ, ಗಲ್ಲಕ್ಕೆ ಹತ್ತಿ ತುರುಕಿಕೊಂಡು ರಜೆ ಪಡೆದೆ. ಹಾಗೆ ಬಂದು ನಿಂತದ್ದು ಈ ಮೆಟ್ಟಿಲ ಮೇಲೆ.

ಕೊನೆಗೆ ಪಾಪ್‌ಕಾರ್ನ್ ಕೆಳಗಿಟ್ಟು ಮತ್ತೆ ಫೋನು ಹಚ್ಚಿದೆ. “ಎಲ್ಲಿದ್ದೀ ಮಾಮಿ?”

“ಭಟ್ಟಿ ಮುಂದ! ಇವತ್ತ ಉರಿ ಹಚ್ಚೇವಿ, ಬಿಟ್ಟ ಹೆಂಗ ಬರ್ಲಿ? ಪರವಾ ಬರ್ತೇನಿ ಅಂದ್ನೆಲ್ಲೋ!”

“ಪರವಾ ಇಲ್ಲ ಅಂದಿ ನೀ!”

“ಇಲ್ಲ ಎಲ್ಲಿ ಅಂದೇನೋ ಭಾಡ್ಯಾ? ಪರವಾ! ಪರವಾ!”

ಆಗ ತಲೆಗೆ ಹೊಳೆಯಿತು. ಮಾಮಿಯ ತವರಿನ ಮಾತು ಮರಾಠಿ. ಮರಾಠಿಯಲ್ಲಿ ಪರವಾ ಅಂದರೆ ನಾಡಿದ್ದು. ಹುಟ್ಟಿದಾಗಿನಿಂದ ಎರಡೂ ಭಾಷೆ ಕಿವಿಗೆ ಬಿದ್ದು ಬೆಳೆದ ನಾನು, ಕೂದಲೆಳೆ ಹಿಡಿಯುವ ನಾನು, ಇಡೀ ಒಂದು ದಿನ ತಪ್ಪಿದ್ದೆ. ಮಂಗಳವಾರದ ನಾಡಿದ್ದು ಅಂದರೆ ಗುರುವಾರ. ಟಿಕೆಟ್ ಕಿಟಕಿಗೆ ಓಡಿದೆ.

“ನಾಳೆ ಒಂದ ಶೋ ಐತ್ರಿ, ಮುಂಜಾನೆ. ಶುಕ್ರವಾರ ಬ್ಯಾರೆ ಪಿಚ್ಚರ್,” ಎಂದರು ಒಳಗಿನವರು. “ಆದ್ರ ನಾಳೇದ್ದು ಇಂಗ್ಲಿಷ್ ಐತಿ, ನೋಡ್ರಿ.”

ಇದೊಂದು ತಪ್ಪಿದರೆ ಮಾಮಿ ಮುಂದಿನ ಹತ್ತೊಂಬತ್ತು ವರ್ಷವೂ ನನ್ನ ಮುಖ ನೋಡಿ ಅದೇ ಪ್ರಶ್ನೆ ಕೇಳುವಳು. ಟಿಕೆಟ್ ತೆಗೆದೆ. ಆಮೇಲೆ ಗಲ್ಲಕ್ಕೆ ಹೊಸ ಹತ್ತಿ ತುರುಕಿ ಸೂಪರ್‌ವೈಸರ್‌ಗೆ ಫೋನು.

“ಡಾಕ್ಟ್ರು ಬಾಜೂದ್ದ ಹಲ್ಲ ಕಿತ್ತಾರ್ರಿ. ಖರೇದ್ದ ನಾಳೆ ಕೀಳ್ತಾರಂತ.”

ಆ ಕಡೆಯಿಂದ ಉತ್ತರ ಬಂತು. “ಸಾವಕಾಶ ಕೀಳಸ್ಕೊಪಾ. ಪಗಾರದ ದಿನ ನಗಾಕ ಒಂದರ ಉಳೀಲಿ.”

ಗುರುವಾರ ಮುಂಜಾನೆ ಖಾನಾಪುರದ ಬಸ್ಸಿನಿಂದ ಮಾಮಿ ಇಳಿದಳು. ಇಸ್ತ್ರಿಯ ಸೀರೆ, ಉಗುರ ಸಂದಿಯಲ್ಲಿ ಮಣ್ಣು. ಬೈಕಿನ ಹಿಂದೆ ಕೂರಿಸಿಕೊಂಡು ಹೊರಟೆ. ಹತ್ತಿರದ ದಾರಿ ಗೊತ್ತು ಅಂತ ಜಂಬದಿಂದ ತಿರುಗಿಸಿದವನು ಬೆಳಗಾವಿ ಕೋಟೆಯ ಕಂದಕದ ಮುಂದೆ ಬಂದು ನಿಂತೆ. ಹಿಂದಕ್ಕೆ ತಿರುಗಿಸಿ, ಇನ್ನೊಂದು ಹತ್ತಿರದ ದಾರಿ ಹಿಡಿದೆ. ಮತ್ತೆ ಕೋಟೆ.

“ಎಂಟು ಸಾಕಾಗಿಲ್ಲೇನೋ? ಒಂಬತ್ತನೇ ಕೋಟಿ ಹತ್ತಸ್ತೀ?” ಎಂದಳು ಮಾಮಿ. ನಾನು ಜಂಬ ಬಿಟ್ಟು ದಾರಿ ಕೇಳಿಕೊಂಡು ಹೋದೆ.

ಥೇಟರಿನಲ್ಲಿ ಇದ್ದದ್ದು ಹನ್ನೊಂದು ಜನ. ನಾವು ಕೂತದ್ದು ಕಡೇ ಸಾಲು, ಪ್ರೊಜೆಕ್ಟರಿನ ಕಿಂಡಿಯ ಕೆಳಗೇ. ಇಂಗ್ಲಿಷಿನ ಚಿಂತೆ ಮಾಡಬೇಡ, ನಾನಿದ್ದೇನಲ್ಲ ಅಂತ ಮಾಮಿಗೆ ಧೈರ್ಯ ಹೇಳಿದ್ದೆ. ಮೊದಲ ಕಾಲು ತಾಸು ಚೆನ್ನಾಗಿಯೇ ನಡೆಯಿತು, ಯಾಕೆಂದರೆ ಯಾರೂ ಮಾತಾಡಲಿಲ್ಲ. ಆಮೇಲೆ ಛತ್ರ್ಯಾ ಒಂದು ಬಂಡೆಯ ಮೇಲೆ ಕುಳಿತು, ತಾನು ‘ಫೆಡ್ ಅಪ್’ ಅಂದ.

“ಅವನದು ಊಟ ಆಗೇತಂತ,” ಎಂದೆ.

“ಯಾವಾಗ ಉಂಡ? ನಾ ನೋಡಾಕತ್ತೇನೆಲ್ಲ, ಮುಂಜಾನಿಂದ ಗುಡ್ಡಾ ಹತ್ತಾಕ ಹತ್ಯಾನ ಪಾಪ.”

ಎರಡು ಕುರ್ಚಿ ಆಚೆ ಒಬ್ಬ ವಯಸ್ಸಾದ ಹೆಂಗಸು ಕೂತಿದ್ದರು. “ಊಟ ಅಲ್ಲವಾ, ಅವಗ ಬ್ಯಾಸರ ಆಗೇತಿ,” ಎಂದರು. ನಂತರ ನನ್ನ ಕಡೆ ತಿರುಗಿ, “ಇಲ್ಲೇ ಕ್ಯಾಂಪ್ ಏರಿಯಾದ ಸಾಲ್ಯಾಗ ಮೂವತ್ತ ವರ್ಷ ಇಂಗ್ಲಿಷ್ ಕಲಿಸೇನಿ. ನೀ ನನ್ನ ಕೈಯಾಗ ಸಿಕ್ಕಿದ್ದಿಲ್ಲ, ಬರೋಬ್ಬರಿ ಆತು,” ಎಂದು ಎದ್ದು ಬಂದು ಮಾಮಿಯ ಬಾಜೂದಲ್ಲೇ ಕುಳಿತುಬಿಟ್ಟರು. ನನ್ನ ನೌಕರಿ ಅಲ್ಲಿಗೆ ಹೋಯಿತು. ಪಾಪ್‌ಕಾರ್ನ್ ಹಿಡಿಯುವ ಕೆಲಸ ಕೊಟ್ಟರು.

ಆದರೆ ಮುಂದೆ ಟೀಚರ್‌ಗೂ ಕೆಲಸ ಉಳಿಯಲಿಲ್ಲ. ಕೋಟೆಗಳು ಶುರುವಾದವು. ಮಾಮಿಯ ಎರಡೂ ಹೆಬ್ಬೆರಳು ಕುರ್ಚಿಯ ಕೈ ಮೇಲೆ ಕುಣಿಯತೊಡಗಿದವು. “ಈಗ ಎಡಕಿಂದ ಬಾವಲಿ ಬರತೈತಿ,” ಅಂದಳು, ಬಂತು. “ಆ ಕಲ್ಲಮ್ಯಾಲೆ ಕಾಲಿಡಬ್ಯಾಡ, ಕುಸೀತೈತಿ,” ಅಂದಳು. ಛತ್ರ್ಯಾ ಇಟ್ಟ, ಕುಸಿಯಿತು. ಮುಂದಿನ ಸಾಲಿನ ಕಾಲೇಜು ಹುಡುಗರು ಪರದೆಗೆ ಬೆನ್ನು ಹಾಕಿ, “ಕಾಕು, ಮುಂದೇನ್ರಿ?” ಎಂದು ಇವಳನ್ನೇ ಕೇಳತೊಡಗಿದರು.

ಎಂಟನೇ ಕೋಟೆ. ತುದಿ. ನೀಲಿ ಬಾಗಿಲು. ಮಾಮಿಯ ಹೆಬ್ಬೆರಳು ನಿಂತುಬಿಟ್ಟವು. ಛತ್ರ್ಯಾ ಬಾಗಿಲಿಗೆ ಕೈ ಹಚ್ಚಿದ.

ನನ್ನ ಫೋನು ಬಡಿದುಕೊಂಡಿತು.

ಬಿಗಿ ಪ್ಯಾಂಟಿನ ಕಿಸೆ, ಕೂತರೆ ಫೋನು ಹೊರಗೆ ಬರದು. ಎದ್ದು ನಿಂತೆ. ಪರದೆಯ ಮೇಲೆ, ನೀಲಿ ಬಾಗಿಲಿನ ಸರಿ ನಡುವೆ, ಕುಂಬಳಕಾಯಿಯಷ್ಟು ದೊಡ್ಡ ನನ್ನ ತಲೆಯ ನೆರಳು. ಎರಡು ಕಿವಿಗಳ ಸಮೇತ. ಹನ್ನೊಂದರಲ್ಲಿ ನನ್ನನ್ನು ಬಿಟ್ಟು ಹತ್ತೂ ಜನ ಕೂಗಿದರು. ಎಲ್ಲಕ್ಕಿಂತ ಜೋರಾಗಿ ಮಾಮಿ, ಮೊದಲು ತವರಿನ ಮರಾಠಿಯಲ್ಲಿ, ಆಮೇಲೆ ಕನ್ನಡದಲ್ಲಿ, “ಖಾಲೀ ಬಸ್! ಕುಂದ್ರೋ!” ಅನ್ನುತ್ತ, ಮಡಕೆಯ ಮಣ್ಣು ಹಿಡಿಯುವ ಕೈಯಿಂದ ನನ್ನ ಬೆಲ್ಟು ಹಿಡಿದು ಎಳೆದಳು. ನಾನು ಪಾಪ್‌ಕಾರ್ನ್ ಮೇಲೆ ಬಿದ್ದೆ. ನೆರಳು ಹೋಯಿತು. ಬಾಗಿಲು ತೆರೆಯಿತು.

ಒಳಗೆ ಮಳೆ ಇತ್ತು.

ಅಷ್ಟೇ. ಬಂಗಾರವಿಲ್ಲ, ರಾಕ್ಷಸನಿಲ್ಲ. ಯಾರೋ ಕೂಡಿಹಾಕಿದ್ದ ಮಳೆ, ಬಾಗಿಲು ತೆರೆದದ್ದೇ ತಡ ಗುಡುಗು ಸಿಡಿಲು ಸಮೇತ ಹೊರಗೆ ಓಡಿಬಂದು, ಒಂದನೇ ಕೋಟೆಯ ಕೆಳಗಿನ ಅವನ ಊರಿನ ತನಕ ಸುರಿಯಿತು. ಛತ್ರ್ಯಾ ಮೊಟ್ಟಮೊದಲ ಸಲ ಛತ್ರಿ ಬಿಚ್ಚಿ ತಲೆಯ ಮೇಲೆ ಹಿಡಿದ.

“ಅದಕ್ಕ ಛತ್ರಿ!” ಮಾಮಿ ಎರಡೂ ಕೈಯಿಂದ ಚಪ್ಪಾಳೆ ಹೊಡೆದಳು. “ಟೀಚರ್, ನೋಡಿದ್ರಿ? ಅದಕ್ಕ ಛತ್ರಿ!” ಅಷ್ಟರಲ್ಲಿ ಏನೋ ನೆನಪಾಗಿ ಮುಖ ಬದಲಾಯಿತು. “ಅರೇ ದೇವಾ, ನನ್ನ ಹಣತಿ!” ಚೀಲದಿಂದ ಫೋನು ತೆಗೆದು ಮಾಮಾನಿಗೆ ಹಚ್ಚಿದಳು. “ಅಂಗಳದಾಗ ಒಣಗಾಕ ಇಟ್ಟೇನಿ, ಲಗೂನ ಒಳಗ ತರ್ರಿ! ಮಳಿ ಬಂತು!”

ಮಾಮಾನ ದನಿ ಇಡೀ ಥೇಟರಿಗೆ ಕೇಳಿಸಿತು. “ಇಲ್ಲಿ ಬಿಸಲ ಬಿದ್ದೈತೆಲ್ಲ! ಎಲ್ಲಿ ಬಂತು?”

“ಎಂಟನೇ ಕೋಟ್ಯಾಗ!”

ಆಗ ನನ್ನ ಕೆಳಗಿನಿಂದಲೂ ಒಂದು ದನಿ ಬರುತ್ತಿರುವುದು ಗಮನಕ್ಕೆ ಬಂತು. ಬೀಳುವಾಗ ಒತ್ತಿ ಕರೆ ಎತ್ತಿಬಿಟ್ಟಿದ್ದೆ. ಸೂಪರ್‌ವೈಸರ್ ತಾಳ್ಮೆಯಿಂದ ಕೇಳುತ್ತಿದ್ದರು. “ಹಲ್ಲಿನ ದವಾಖಾನ್ಯಾಗ ಗುಡುಗ ಯಾಕಪಾ?”

ಅದಕ್ಕೆ ನಾನು ಕೊಟ್ಟ ಉತ್ತರ ಇಲ್ಲಿ ಬೇಡ.

ಬಸ್ ಸ್ಟ್ಯಾಂಡಿನಲ್ಲಿ ಖಾನಾಪುರದ ಬಸ್ಸಿಗೆ ಕಾಯುತ್ತ ಚಹಾ ಕುಡಿದೆವು. ಮಾಮಿ ಖುಷಿಯಲ್ಲಿದ್ದಳು, ಆದರೆ ಲೋಟವನ್ನು ಚಕ್ರದ ಮೇಲಿನ ಮಣ್ಣಿನಂತೆ ತಿರುಗಿಸುತ್ತ ಕೂತಿದ್ದಳು. ಕಡೆಗೆ, “ಒಂದ್ ಮಾತ್ ಹೇಳ್ತೇನಿ, ಸಿಟ್ಟಾಗಬ್ಯಾಡ,” ಎಂದಳು.

“ಹೇಳು.”

“ಅವತ್ತ ನೀ ಬಿದ್ದಿಯೆಲ್ಲ… ಅದಕಿಂತ ಮೊದಲ ಛತ್ರ್ಯಾ ಸತ್ತಿದ್ದ.”

“ಏನು?”

“ಬಾಗಲಾ ಮುಟ್ಟಿದೆ, ಖುಷ್ಯಾಗ ತಪ್ಪ ಬಟನ್ ಒತ್ತಿದೆ. ಹೊಂಡದಾಗ ಬಿದ್ದ. ನಾ ಟಿವಿಗೆ ಅಡ್ಡ ಕುಂತಿದ್ದೆ, ಯಾರಿಗೂ ಕಾಣ್ಲಿಲ್ಲ. ಓಣಿ ಹೆಂಗಸರು ಎಲ್ಲಾರೂ ನೋಡಾಕ ಬಂದಾರ, ಏನ್ ಹೇಳ್ಲಿ? ಅಷ್ಟರಾಗ ದೇವ್ರು ಕಳಿಸಿದಾಂಗ ನೀ ಬಂದ ವಾಯರ್‌ಮ್ಯಾಲೆ ಬಿದ್ದಿ. ಎಲ್ಲಾರೂ ನಿನಗ ಬೈಯಾಕ ಹತ್ತಿದ್ರು. ನಾ ಸುಮ್ಮನಾದೆ.”

“ಮತ್ತ ನನ್ನ ಮುಖಾ ನೋಡಿ ಕೇಳ್ತಿದ್ದಿಯೆಲ್ಲ, ಬಾಗಿಲ ಹಿಂದ ಏನಿತ್ತೋ ಅಂತ?”

“ಖರೇನ ಗೊತ್ತಿರ್ಲಿಲ್ಲಲ್ಲೋ! ನಿನ್ನ ನೋಡಿದ್ರ ನನ್ನ ತಪ್ಪ ನೆಪ್ಪ ಆಗ್ತಿತ್ತು.”

ನಾನು ಚಹಾ ಕೆಳಗಿಟ್ಟೆ. ಹತ್ತೊಂಬತ್ತು ವರ್ಷ ಹೊತ್ತ ಅಪವಾದ ಇಳಿಯಿತು ಅಂತ ಹಗುರಾಗಬೇಕಿತ್ತು. ನನಗೆ ಹೊಳೆದದ್ದು ಬೇರೆಯೇ. ಎಮ್ಮೆ ಕಟ್ಟಿ, ಹಂಡೆ ತುಂಬಿಸಿ, ಅರ್ಧ ಊರಿನ ಕರೆಂಟು ತೆಗೆದು ನಾನು ಬೆಳೆಸಿದ ನನ್ನ ಜೀವಮಾನದ ಅತಿ ದೊಡ್ಡ ತಪ್ಪು ನನ್ನದಾಗಿರಲೇ ಇಲ್ಲ. ತಪ್ಪು ಮಾಡುವುದರಲ್ಲೂ ನಾನು ಎರಡನೇ ನಂಬರು.

“ಮದವಿ ಮನ್ಯಾಗ ಇನ್ನ ಏನ್ ಹೇಳ್ಲಿ ನಾನು?” ಎಂದೆ.

ಮಾಮಿ ನಕ್ಕಳು. ನಗುತ್ತ ನಗುತ್ತ ಸೆರಗಿನಿಂದ ಕಣ್ಣೊರೆಸಿಕೊಂಡು, “ನೀ ಮೊದಲ ಸಿಟ್ಟಾಗಿಲ್ಲ ಅಂತ ಹೇಳು,” ಎಂದಳು.

ಬಸ್ಸು ಬಂತು. ಆಕೆ ಹತ್ತಿ ಕಿಟಕಿಯ ಬಾಜೂ ಕೂತಳು. ನಾನು ಕೆಳಗೆ ನಿಂತು, “ಪರವಾ,” ಎಂದೆ.

“ಯಾವ ಪರವಾನೋ? ನಿಮ್ದೋ, ನಮ್ದೋ?”

“ಎರಡೂ. ಅಟ್ಟದಮ್ಯಾಲಿಂದ ಮಶೀನ್ ಇಳಿಸಿ ಇಡು. ನಾಡಿದ್ದ ರಿಪೇರಿಯಾಂವನ್ನ ಕರಕೊಂಡ ಬರ್ತೇನಿ.”

ಬಸ್ಸು ಹೊರಟಿತು. ಮಾಮಿ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದಳು. “ಬಾ! ಆದ್ರ ಮಜ್ಜಿಗಿ ನೀ ತರಬ್ಯಾಡ!”