ಅಣ್ಣನ ಬೇಸ್ ಗಿಟಾರಿನ ಕತ್ತು

ಆ ಓಣಿಯಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದುದು ದಪ್ಪತಂತಿ ಎಂದು. ಹೆತ್ತವರು ಇಟ್ಟ ಹೆಸರು ಕರೆಂಟು ಬಿಲ್ಲಿನ ಮೇಲೆ ಮಾತ್ರ ಉಳಿದುಕೊಂಡಿತ್ತು. ವಾದ್ಯಗಳ ರಿಪೇರಿ ಅಂಗಡಿಯ ಹಿಂದಿನ ಕೋಣೆಯಲ್ಲಿ, ಒಂದು ಉದ್ದನೆಯ ಬೆಂಚಿನ ಮುಂದೆ, ಮೂವತ್ತೆಂಟು ವರ್ಷದಿಂದ ಕೂತಿದ್ದ. ಹೊಟ್ಟೆಪಾಡಿಗೆ ಎಲ್ಲ ವಾದ್ಯವನ್ನೂ ಮುಟ್ಟುತ್ತಿದ್ದ. ಜೀವವಿದ್ದದ್ದು ಮಾತ್ರ ನಾಲ್ಕು ದಪ್ಪ ತಂತಿಯ ಬೇಸ್ ಗಿಟಾರಿನ ಮೇಲೆ.

"ಬೇಸ್ ಅಂದ್ರೆ ಮನೆಯ ಹಿರೀ ಸೊಸೆ ಇದ್ದಂಗೆ. ಅವಳ ದನಿ ಯಾರಿಗೂ ಕೇಳಲ್ಲ. ಒಂದು ದಿನ ಇಲ್ಲದಿದ್ರೆ ಮನೆ ನಡೆಯಲ್ಲ," ಎನ್ನುತ್ತಿದ್ದ. ಮನೆಯಲ್ಲಿ ಹೆಂಡತಿಯೆದುರು ಒಮ್ಮೆ ಹೇಳಿ ಉಗಿಸಿಕೊಂಡ ಮೇಲೆ ಅಂಗಡಿಯಲ್ಲಿ ಮಾತ್ರ ಹೇಳುತ್ತಿದ್ದ.

ಅವನ ಕಣ್ಣು ಅಂಥದ್ದು. ಪೆಟ್ಟಿಗೆಯ ಮುಚ್ಚಳ ಅರ್ಧ ಎತ್ತುವುದರೊಳಗೆ ಒಳಗಿರುವ ಬೇಸ್ ಯಾವ ಮಾದರಿಯದೆಂದು ಹೇಳಿಬಿಡುತ್ತಿದ್ದ. ತಂತಿಯಡಿಯಲ್ಲಿ ದನಿ ಹಿಡಿಯುವ ಪಿಕಪ್ ಎರಡು ತುಂಡಾಗಿ ಮೇಲೆ ಕೆಳಗೆ ಕೂತಿದ್ದರೆ ಪ್ರಿಸಿಶನ್. ಉದ್ದುದ್ದ ಎರಡು ಪಿಕಪ್ ಇದ್ದು ಸೊಂಟ ವಾರೆಯಾಗಿದ್ದರೆ ಜಾಝ್. ತಲೆಯ ಒಂದು ಕಡೆ ಮೂರು ಬಿರಡೆ, ಇನ್ನೊಂದು ಕಡೆ ಒಂಟಿ ಬಿರಡೆ ಕಂಡರೆ ಸ್ಟಿಂಗ್‌ರೇ. ಪಿಟೀಲಿನ ಮೈಕಟ್ಟಿನ ಹಾಫ್ನರ್ ಬಂದ ದಿನವಂತೂ ಕೆಲಸ ಬಿಟ್ಟು ಬಟ್ಟೆಯಿಂದ ಅದರ ಬೆನ್ನು ಒರೆಸುತ್ತ ಕೂರುತ್ತಿದ್ದ. ಅಂಗಡಿಯ ಯಜಮಾನರು ಗೊಣಗುತ್ತಿದ್ದರು, ಆದರೆ ಗಿರಾಕಿಗಳು ಬರುತ್ತಿದ್ದುದೇ ಆ ಕಣ್ಣನ್ನು ನಂಬಿ.

ಈಗೀಗ ಅದೂ ಸಾಕಾಗಿತ್ತು. ಮಂಡಿ ಹಿಡಿದುಕೊಂಡಿತ್ತು, ಕನ್ನಡಕದ ಮೇಲೊಂದು ಭೂತಗನ್ನಡಿ ಬೇಕಾಗಿತ್ತು. ಹಲ್ಲುಜ್ಜುವ ಮೊದಲೇ ಫೋನಿಗೆ ಯಾರದೋ ಫೋಟೋ ಬಂದು ಬೀಳುತ್ತಿತ್ತು. "ಅಣ್ಣಾ, ಇದು ಅಸಲಿಯಾ, ನಕಲಿಯಾ?" ಅಸಲಿ, ನಕಲಿ, ಅಸಲಿ, ನಕಲಿ. ಊರಿನ ಬೇಸ್‌ಗಳಿಗೆಲ್ಲ ಜಾತಕ ಬರೆದು ಬರೆದು ಮನುಷ್ಯ ಹಣ್ಣಾಗಿಹೋಗಿದ್ದ. ಒಂದೇ ಒಂದು ಬೇಸಿನ ವಿಷಯದಲ್ಲಿ ಅವನು ಇಪ್ಪತ್ತಾರು ವರ್ಷ ಬಾಯಿ ಬಿಟ್ಟಿರಲಿಲ್ಲ. ಅದು ಅವನ ಅಣ್ಣನದು.

ಅಣ್ಣ ಬ್ಯಾಂಡಿನಲ್ಲಿ ಬೇಸ್ ನುಡಿಸುತ್ತಿದ್ದ. ಅವನಲ್ಲಿದ್ದದ್ದು ಬೆಣ್ಣೆ ಬಣ್ಣದ ಹಳೇ ಪ್ರಿಸಿಶನ್. ತಮ್ಮನಿಗೆ ಬೇಸ್‌ಗಳ ಹುಚ್ಚು ಹಿಡಿದದ್ದೇ ಅದನ್ನು ನೋಡಿ. ಒಮ್ಮೆ ಅಣ್ಣ ಅದನ್ನು ಸ್ವಲ್ಪ ಸರಿಮಾಡಿಕೊಡೆಂದು ಕೊಟ್ಟುಹೋದ. ತಮ್ಮ ಅದನ್ನು ಗೋಡೆಗೆ ಒರಗಿಸಿಟ್ಟು ನೀರು ಕುಡಿಯಲು ಎದ್ದ. ಮೊಣಕೈ ತಗುಲಿತು. ಬೇಸ್ ಮುಖ ಅಡಿಯಾಗಿ ಬಿದ್ದು ಕತ್ತು ಲಟಕ್ಕೆಂದು ಮುರಿಯಿತು. ಅಂಟು ಹಚ್ಚಿ ಕೂರಿಸುವ ಮುರಿತವಲ್ಲ ಅದು.

ಅಂಗಡಿಯ ಅಟ್ಟದ ಮೇಲೆ ಒಂದು ಹೊಸ ಕತ್ತು ಬಿದ್ದಿತ್ತು, ಜಾಝ್ ಮಾದರಿಯ ನಕಲು. ಪ್ರಿಸಿಶನ್ನಿಗೂ ಜಾಝ್‌ಗೂ ತಲೆಯ ಆಕಾರ ಒಂದೇ, ಬುಡದ ಅಗಲವೂ ಒಂದೇ. ತಮ್ಮ ಅದನ್ನು ಕೂರಿಸಿದ, ಹಳೇ ಬಿರಡೆಗಳನ್ನೇ ಹಾಕಿದ. ಹೊಸ ಮರ ಬೆಳ್ಳಗೆ ಹೊಳೆಯುತ್ತಿತ್ತು, ಗಟ್ಟಿ ಟೀ ಡಿಕಾಕ್ಷನ್ ಸವರಿ ಸವರಿ ಮುದಿಮಾಡಿದ. ದೂರ ನಿಂತು ನೋಡಿದ, ಹತ್ತಿರ ಬಂದು ನೋಡಿದ. ಅವನ ಕಣ್ಣಿಗೇ ಗುರುತು ಸಿಗಲಿಲ್ಲ. ಅಣ್ಣ ಬಂದು ಎತ್ತಿಕೊಂಡು ಎರಡು ಸ್ವರ ನುಡಿಸಿ, "ಚೆನ್ನಾಗ್ ಮಾಡಿದೀಯ ಕಣೋ," ಎಂದು ಹೋದ. ಮುರಿದ ಕತ್ತನ್ನು ದಪ್ಪತಂತಿ ಹಳೇ ಪಂಚೆಯಲ್ಲಿ ಸುತ್ತಿ ಅಟ್ಟದ ಮೂಲೆಗೆ ತಳ್ಳಿದ. ನಾಳೆ ಹೇಳೋಣ ಎಂದುಕೊಂಡ. ಆ ನಾಳೆ ಬರಲೇ ಇಲ್ಲ. ಹೋದ ವರ್ಷ ಅಣ್ಣ ತೀರಿಕೊಂಡ.

ಈಗ ಅತ್ತಿಗೆ ಆ ಬೇಸನ್ನು ಮಾರಲೆಂದು ಹೊತ್ತುಕೊಂಡು ಅಂಗಡಿಗೆ ಬಂದಿದ್ದರು. ಹಳೇ ಬೇಸ್‌ಗಳನ್ನು ಕೂಡಿಹಾಕುವ ಚಟದ ಒಬ್ಬ ಹಲ್ಲಿನ ಡಾಕ್ಟರು ಯಜಮಾನರ ಪಕ್ಕ ಕಾಯುತ್ತಿದ್ದರು. ಪೆಟ್ಟಿಗೆ ಬೆಂಚಿನ ಮೇಲೆ ತೆರೆದುಕೊಂಡಿತು. ಬೆಣ್ಣೆ ಬಣ್ಣ ಈಗ ಹಳದಿಗೆ ತಿರುಗಿತ್ತು. ಅಣ್ಣನ ಮುಂಗೈ ಉಜ್ಜಿದ ಕಡೆ ಒಳಗಿನ ಮರ ಕಾಣುತ್ತಿತ್ತು.

"ನೀವು ಅಸಲಿ ಅಂದ್ರೆ ಮುಗೀತು. ನಾನು ಬಿಚ್ಚಿ ನೋಡೋದೂ ಇಲ್ಲ," ಎಂದರು ಡಾಕ್ಟರು.

ಅಸಲಿ ಎಂದರೆ ಅತ್ತಿಗೆಗೂ ನಾಲ್ಕು ಕಾಸು, ಇವನ ಗುಟ್ಟೂ ಭದ್ರ. ನಿಜ ಹೇಳಿದರೆ, ಸತ್ತ ಅಣ್ಣನ ಬೇಸಿಗೆ ನಕಲಿ ಕತ್ತು ಕೂರಿಸಿ ಟೀ ನೀರು ಬಳಿದವನು ಇವನು ಎಂದು ಅತ್ತಿಗೆಯ ಎದುರೇ ಬಯಲಾಗಬೇಕು. ದಪ್ಪತಂತಿ ಭೂತಗನ್ನಡಿ ಹಿಡಿದ, ಇಳಿಸಿದ. ಇವನಿಗೆ ಇದ್ದಕ್ಕಿದ್ದಂತೆ ಬಹಳ ಸುಸ್ತಾಯಿತು. ಸುಳ್ಳು ಹೇಳಲಿಕ್ಕೂ ಮೈಯಲ್ಲಿ ಕಸುವು ಬೇಕು, ಅದು ಮುಗಿದುಹೋಗಿತ್ತು.

"ಮೈ ಅಸಲಿ, ಡಾಕ್ಟ್ರೇ. ಪಿಕಪ್ಪು, ಬಿರಡೆ ಎಲ್ಲ ಅಸಲಿ," ಎಂದ. "ಕತ್ತು ಇದರದ್ದಲ್ಲ. ಇದರದ್ದನ್ನ ನಾನೇ ಬೀಳಿಸಿ ಮುರಿದೆ. ಇದು ನಾನು ಕೂರಿಸಿದ ನಕಲಿ."

ಯಜಮಾನರು ಕೆಮ್ಮಿದರು. ಡಾಕ್ಟರು ಗಡಿಯಾರ ನೋಡಿ, ಯಾರದೋ ಹಲ್ಲು ಕಾಯುತ್ತಿದೆ ಎಂಬಂತೆ, "ಇನ್ನೊಂದು ದಿನ ನೋಡೋಣ," ಎಂದು ಹೊರಟರು. ಅವರನ್ನು ಬಾಗಿಲವರೆಗೆ ಕಳಿಸಲು ಯಜಮಾನರೂ ಹೋದರು. ಕೋಣೆಯಲ್ಲಿ ಅತ್ತಿಗೆ, ಮೈದುನ ಇಬ್ಬರೇ ಉಳಿದರು.

"ಬೈದುಬಿಡಿ ಅತ್ತಿಗೆ," ಎಂದ.

ಅತ್ತಿಗೆ ಬೈಯಲಿಲ್ಲ. ಸ್ಟೂಲು ಎಳೆದುಕೊಂಡು ಕೂತರು. "ನಿಮ್ಮಣ್ಣಂಗೆ ಗೊತ್ತಿತ್ತು," ಎಂದರು.

"ಯಾವಾಗ?"

"ಎತ್ಕೊಂಡ ದಿನಾನೇ. ಕತ್ತು ಸಣ್ಣ ಆಗಿದೆ, ತಂತಿ ಎಲ್ಲ ಒತ್ತೊತ್ತಾಗಿ ಬಂದಿದೆ ಅಂದ್ರು. ಬೆವರಿಗೆ ಬಣ್ಣ ಬಿಟ್ಟು ಕೈಯೆಲ್ಲ ಟೀ ವಾಸನೆ. ಸಕ್ಕರೆ ಹಾಕೋದ್ ಮರ್ತಿದಾನೆ ಅಂತ ಬಿದ್ದು ಬಿದ್ದು ನಗ್ತಿದ್ರು."

ಊರಿಗೆಲ್ಲ ಅಸಲಿ ನಕಲಿ ಹೇಳುವವನು ಇಷ್ಟನ್ನು ಯೋಚಿಸಿರಲಿಲ್ಲ. ಅವನು ಮರೆಮಾಚಿದ್ದು ಕಣ್ಣಿಗೆ ಮಾತ್ರ. ತಲೆಯ ಹತ್ತಿರ ಜಾಝ್ ಕತ್ತು ನಾಲ್ಕು ಮಿಲಿಮೀಟರು ಕಡಿಮೆ ಅಗಲವಿದ್ದರೆ ಕಣ್ಣು ಒಪ್ಪಿಕೊಳ್ಳುತ್ತದೆ, ದಿನಾ ಹಿಡಿಯುವ ಕೈ ಒಪ್ಪುವುದಿಲ್ಲ. ಅಣ್ಣನದು ದಪ್ಪ ಬೆರಳು ಬೇರೆ.

"ಕಷ್ಟ ಆಗ್ಲಿಲ್ವಾ ಅವ್ನಿಗೆ?"

"ಆಗದೆ ಏನು? ಆರು ತಿಂಗ್ಳು ಮಹಡಿ ಮೇಲೆ ಒಬ್ರೇ ಕೂತ್ಕೊಂಡು ಮೊದ್ಲಿಂದ ಕಲ್ತ್ರು. ಬೇರೆ ಹಾಕಿಸ್ಕೊಳ್ಳಿ ಅಂದೆ. ತಮ್ಮ ಮಾಡಿದ್ದು ಇರ್ಲಿ, ಅವನೇ ಒಂದಿನ ಹೇಳ್ತಾನೆ, ಅಲ್ಲೀವರೆಗೂ ನೀನು ಬಾಯಿ ಬಿಡ್ಬೇಡ ಅಂದ್ರು."

ಅವನು ಬೇಸನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡ. ಆ ದಿನದ ನಂತರ ಅದನ್ನು ಮುಟ್ಟಿಯೇ ಇರಲಿಲ್ಲ. ಕತ್ತಿನ ಹಿಂದೆ ಹೆಬ್ಬೆರಳು ಕೂರುವ ಜಾಗದಲ್ಲಿ ಟೀ ಬಣ್ಣವೆಲ್ಲ ಸವೆದು ಬಿಳೀ ಮರ ಬಂದಿತ್ತು. ಅವನ ಹೆಬ್ಬೆರಳು ಅಲ್ಲಿಗೇ ಹೋಗಿ ನಿಂತಿತು. ಅಳು ಬಂತು, ತಡೆಯಲಿಲ್ಲ.

"ಆಸ್ಪತ್ರೇಲಿ ನೀನು ಬಂದು ಹೋದಾಗೆಲ್ಲ ನನ್ನ ಕೇಳೋರು," ಎಂದರು ಅತ್ತಿಗೆ. "ಹೇಳಿದ್ನಾ ಅವ್ನು, ಅಂತ."

"ನೀವೇನಂದ್ರಿ?"

"ಇನ್ನೂ ಇಲ್ಲ ಅಂದೆ."