ಹಾರನ್ ಬಿಚ್ಚಿಟ್ಟ ಮೈಕ್ ಪಾಲಾಕ್ಷ

ಚನ್ನರಾಯಪಟ್ಟಣದ ಬಸ್‌ಸ್ಟ್ಯಾಂಡಿನ ಹಿಂದೆ ಮೈಕ್‌ಸೆಟ್ ಅಂಗಡಿ ಇಟ್ಟಿದ್ದ ಪಾಲಾಕ್ಷನ ನಿಜವಾದ ಬಂಡವಾಳವೆಂದರೆ ಗಂಟಲು. ಉಳಿದ ಆಂಪ್ಲಿಫೈಯರು, ಬ್ಯಾಟರಿ, ಆಟೋದ ತಲೆ ಮೇಲೆ ಕಟ್ಟಿದ ದತ್ತೂರಿ ಹೂವಿನಂಥ ಹಾರನ್ನು, ಎಲ್ಲವೂ ಆ ಗಂಟಲಿನ ಸೇವೆಗೆ ಇದ್ದ ಆಳುಕಾಳುಗಳು. ಹೊಸ ಸಿನಿಮಾ ಬಂದರೆ, ಕರೆಂಟು ಹೋಗುವುದಿದ್ದರೆ, ಯಾರದಾದರೂ ಎಮ್ಮೆ ಕಳೆದರೆ ಊರಿಗೆ ತಿಳಿಯುತ್ತಿದ್ದುದು ಅವನ ಬಾಯಿಂದಲೇ. ಮಾಲಿನ ಗುಣದ ಬಗ್ಗೆ ಅವನೆಂದೂ ತಲೆ ಕೆಡಿಸಿಕೊಂಡವನಲ್ಲ. ಬಣ್ಣ ಬಿಡುವ ಸೀರೆಯನ್ನೂ ಬಿಡದ ಸೀರೆಯನ್ನೂ ಒಂದೇ ಭಕ್ತಿಯಿಂದ ಕೂಗುತ್ತಿದ್ದ.

ಎರಡು ಸಾವಿರದ ಎರಡನೇ ಇಸವಿಯಲ್ಲಿ ಆಸ್ಪತ್ರೆಯ ನರ್ಸ್ ಸಂಘಮಿತ್ರಾ ಅವನ ಅಂಗಡಿಗೆ ಬಂದಳು. ಶಾಂತಿಗ್ರಾಮದ ಹುಡುಗಿ, ಮಾತು ಸೀದಾ.

"ಪಾಲಾಕ್ಷಣ್ಣ, ಇದು ಸೀರೆ ಸಮಾಚಾರ ಅಲ್ಲ. ಹೆಣ್ಮಕ್ಕಳ ಮೇಲೆ ಅತ್ಯಾಚಾರ ಆದ್ರೆ ಮೊದ್ಲು ಆಸ್ಪತ್ರೆಗೇ ಬರಬೌದು. ಪೊಲೀಸ್ ಚೀಟಿ ಇಲ್ದಿದ್ರೂ ಡಾಕ್ಟ್ರು ನೋಡ್ಬೌದು ಅಂತ ಸುಪ್ರೀಂ ಕೋರ್ಟೇ ಹೇಳಿದೆ. ಜನಕ್ಕೆ ಗೊತ್ತಿಲ್ಲ. ಸಂತೇಲಿ ಕೂಗ್ಬೇಕು."

ಪಾಲಾಕ್ಷನಿಗೆ ಆ ಚೀಟಿಯ ಸಂಗತಿ ಚೆನ್ನಾಗಿ ಗೊತ್ತಿತ್ತು. ಕೆಲವು ವರ್ಷಗಳ ಹಿಂದೆ, ಪ್ರಚಾರಕ್ಕೆ ಹೋಗಿದ್ದ ದೂರದ ಒಂದು ಊರಿನಲ್ಲಿ, ತಾಯಿ ಮಗಳಿಬ್ಬರು ಅವನ ಆಟೋ ಹತ್ತಿದ್ದರು. ಆಸ್ಪತ್ರೆಯವರು ಠಾಣೆಯಿಂದ ಚೀಟಿ ತನ್ನಿ ಅಂದರು. ಠಾಣೆಯವರು ಸಾಹೇಬರು ಬರಲಿ ಅಂದರು. ಅಲ್ಲಿಂದಿಲ್ಲಿಗೆ ಅಲೆದೂ ಅಲೆದೂ ಕೊನೆಗೆ ತಾಯಿ, "ಮನೆಗೇ ಬಿಟ್ಬುಡಣ್ಣ" ಎಂದಿದ್ದಳು. ಹುಡುಗಿ ಒಂದು ಮಾತೂ ಆಡಿರಲಿಲ್ಲ. ಆ ಮೌನ ಪಾಲಾಕ್ಷನ ಆಟೋದಿಂದ ಇನ್ನೂ ಇಳಿದಿರಲಿಲ್ಲ. ಇನ್ನೊಂದು ಹುಡುಗಿ ಹಾಗೆ ಅಲೆಯಬಾರದು ಅನ್ನುವುದು ಅವನ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿತ್ತು.

"ಕೂಗ್ತೀನಿ ಸಿಸ್ಟ್ರೇ," ಅಂದ.

ಸಂತೆಯ ದಿನ ತೆಂಗಿನಕಾಯಿ ರಾಶಿಗಳ ನಡುವೆ ಆಟೋ ನಿಲ್ಲಿಸಿ ಮೈಕ್ ಹಿಡಿದ. ಎದುರಿಗೇ ಅವನ ಸೋದರತ್ತೆ ಸಣ್ಣಕ್ಕ ವೀಳ್ಯದೆಲೆ ಬುಟ್ಟಿ ಇಟ್ಟುಕೊಂಡು, ಬಾಯಾಡಿಸುತ್ತಾ ಅವನನ್ನೇ ನೋಡುತ್ತಿದ್ದಳು. ಅತ್ತೆಯ ಮುಂದೆ ಆ ಮಾತು ಹೇಳುವುದು ಹೇಗೆ? ಜನ್ಮದಲ್ಲಿ ಕೈಕೊಡದ ಗಂಟಲು ಅವತ್ತು ಕೈಕೊಟ್ಟಿತು.

"ಮಹಾಜನಗಳೇ, ಯಾರಿಗಾದರೂ, ಏನಾದರೂ, ಆಗಬಾರದ್ದು ಆದರೆ, ಯಾವ ಹೊತ್ತಿನಲ್ಲಾದರೂ ಆಸ್ಪತ್ರೆಗೆ ಬನ್ನಿ. ಪೊಲೀಸ್ ಚೀಟಿ ಬೇಕಾಗಿಲ್ಲ."

ಕೂಗಿದ್ದಕ್ಕೆ ಫಲ ಸಿಗಲಿಲ್ಲ ಎಂದು ಯಾರೂ ಹೇಳುವಂತಿಲ್ಲ. ಮರುದಿನ ಬೆಳಿಗ್ಗೆ ಆಸ್ಪತ್ರೆಯ ಮುಂದೆ ಜಾತ್ರೆ. ಮಂಡಿ ಹಿಡಿದವರು, ಹಸು ಹಾಯಿಸಿಕೊಂಡವರು, ಸೊಸೆಯ ಮೇಲೆ ದೂರು ತಂದ ಒಬ್ಬ ಮುದುಕಿ. ಎಲ್ಲರಿಗಿಂತ ಮುಂದೆ ಕೆನ್ನೆ ಊದಿಸಿಕೊಂಡ ಕೆಂಚಯ್ಯ.

"ಹಲ್ಲುನೋವು ಕಣವ್ವ," ಅಂದ ಅವನು, ಸಂಘಮಿತ್ರಾಳಿಗೆ. "ಆಗಬಾರದ್ದೇ ಆಗ್ಬುಟ್ಟದೆ. ಚೀಟಿಗೀಟಿ ತಂದಿಲ್ಲ, ಮೊದ್ಲೇ ಹೇಳ್ಬುಡ್ತೀನಿ."

ದೊಡ್ಡ ಡಾಕ್ಟರು ಒಂದೇ ಮಾತು ಹೇಳಿದರು: ಮುಂದಿನ ಸಂತೆಯಲ್ಲೂ ಹೀಗಾದರೆ ಆ ಮೈಕು ಬೇಡ. ಸಂಘಮಿತ್ರಾ ಸೀದಾ ಅಂಗಡಿಗೆ ಬಂದಳು.

"ನಾನೇಳಿದ್ದೇನು, ನೀವು ಕೂಗಿದ್ದೇನು? ಇನ್ನೊಂದೇ ಸಂತೆ ಇರೋದು ಪಾಲಾಕ್ಷಣ್ಣ. ಆಗಕಿಲ್ಲ ಅಂದ್ರೆ ಈಗ್ಲೇ ಹೇಳ್ಬುಡಿ, ನಾನೇ ಬಂದು ಕೂಗ್ತೀನಿ."

"ಮುಂದೆ ಅತ್ತೆ ಕೂತಿದ್ಲು ಸಿಸ್ಟ್ರೇ."

"ಅತ್ತೇನೂ ಹೆಂಗಸೇ ಅಲ್ವಾ?"

ರಾತ್ರಿ ಊಟಕ್ಕೆ ಕೂತಾಗ ಹೆಂಡತಿ ಲಕ್ಷ್ಮಿದೇವಮ್ಮ ಮುದ್ದೆ ಬಡಿಸುತ್ತಾ ವಿಚಾರಿಸಿಕೊಂಡಳು.

"ಅಲ್ಲಾ ಕಣ್ರೀ, ಮೂಲವ್ಯಾಧಿ ಔಷಧೀನ ಬಸ್‌ಸ್ಟ್ಯಾಂಡಲ್ಲಿ ಜನ ಊಟ ಮಾಡೋ ಹೊತ್ತಲ್ಲಿ ಕೂಗ್ದೋರು ನೀವು. ಎಲ್ಲೆಲ್ಲಿ ಉರೀತದೆ ಅಂತ ಬಿಡಿಸಿ ಬಿಡಿಸಿ ಹೇಳಿದ್ರಿ. ಅದುಕ್ಕಿಲ್ದ ನಾಚ್ಕೆ ಇದುಕ್ಯಾಕೆ ಬಂತು?"

"ಅದು ಕಾಯಿಲೆ ಕಣೇ."

"ಇದು ಗಾಯ. ಗಾಯ ಆದೋಳು ನಾಚ್ಕಂಡು ಕೂತವ್ಳೆ, ಮಾಡಿದೋನು ಹೋಟ್ಲಲ್ಲಿ ಕಾಫಿ ಕುಡೀತಾವ್ನೆ. ನಡುವೆ ನಿಮ್ದೇನು? ಸಾರು ಹಾಕ್ಲಾ?"

ಸಾರಿಗೂ ಮಾತಿಗೂ ಸೇರಿಸಿ ಪಾಲಾಕ್ಷ ತಲೆಯಾಡಿಸಿದ.

ಮುಂದಿನ ಸಂತೆಯಲ್ಲಿ ಆಟೋವನ್ನು ಅದೇ ಜಾಗದಲ್ಲಿ, ಅತ್ತೆಯ ಎದುರಿಗೇ ನಿಲ್ಲಿಸಿದ. ಒಮ್ಮೆ ಕೆಮ್ಮಿ ಶುರು ಮಾಡಿದ.

"ಹೆಣ್ಣುಮಗಳ ಮೇಲೆ ಅತ್ಯಾಚಾರ ಆದರೆ ಮೊದಲು ಆಸ್ಪತ್ರೆಗೆ ಬನ್ನಿ. ಪೊಲೀಸ್ ಚೀಟಿ ಬೇಕಾಗಿಲ್ಲ. ಆದಷ್ಟು ಬೇಗ ಬನ್ನಿ. ಸ್ನಾನ ಮಾಡದೆ, ಬಟ್ಟೆ ಒಗೆಯದೆ ಬಂದರೆ ಒಳ್ಳೆಯದು. ಮಾಡಿಬಿಟ್ಟಿದ್ದರೂ ಬನ್ನಿ. ಗಾಯಕ್ಕೆ ಮದ್ದಿದೆ, ಗರ್ಭ ನಿಲ್ಲದ ಹಾಗೆ ಮಾತ್ರೆ ಇದೆ. ದೂರಿನ ಮಾತು ಆಮೇಲೆ."

ಕಾಯಿ ಎಣಿಸುತ್ತಿದ್ದವರ ಲೆಕ್ಕ ತಪ್ಪಿತು. ಮಂಡಿ ವ್ಯಾಪಾರಿ ಬೈರಯ್ಯ ಟವೆಲ್ ಕೊಡವುತ್ತಾ ಎದ್ದ.

"ಲೋ ಪಾಲಾಕ್ಷ, ಹೆಂಗಸ್ರು ಮಕ್ಕಳು ಇರೋ ಕಡೆ ಇದೇನ್ಲಾ?"

"ಹೆಂಗಸ್ರಿಗೆ ಹೇಳೋದ್ನ ಹೆಂಗಸ್ರು ಇರೋ ಕಡೆ ಹೇಳ್ದೆ ನಿನ್ನ ಕಾಯಿ ಗುಡ್ಡೆಗೆ ಹೇಳ್ಲಾ ಬೈರಣ್ಣ?"

ನಗು ಮೊದಲು ಬಂದದ್ದು ವೀಳ್ಯದೆಲೆಯ ಕಡೆಯಿಂದ. ಸಣ್ಣಕ್ಕ ಎಲೆಯಡಿಕೆ ಉಗಿದು ಬಾಯಿ ಒರೆಸಿಕೊಂಡಳು.

"ಇನ್ನೊಂದ್ಸಲ ಹೇಳು ಮಗ. ಈ ಬೈರನ ಗಲಾಟೇಲಿ ಮಾತ್ರೆ ವಿಷ್ಯ ಸರಿಯಾಗಿ ಕೇಳ್ಲಿಲ್ಲ."

ಅವನು ಇನ್ನೊಂದು ಸಲ ಹೇಳಿದ. ಮರುದಿನ ಆಸ್ಪತ್ರೆಗೆ ಜಾತ್ರೆ ಬರಲಿಲ್ಲ. ಕೆಂಚಯ್ಯ ಬಂದ, ಹಲ್ಲು ಇನ್ನೂ ಬಾಯಲ್ಲೇ ಇತ್ತು.

ಕೆಲವು ವಾರ ಕಳೆದ ಮೇಲೆ, ಗೊರೂರು ಕಡೆಯ ಒಬ್ಬ ಹೆಂಗಸು ಅಂಗಡಿಯ ಬಾಗಿಲಲ್ಲಿ ನಿಂತಳು. ಹಿಂದೆ ಸೆರಗು ಹೊದ್ದ ಒಬ್ಬ ಹುಡುಗಿ.

"ಸಂತೇಲಿ ಕೂಗಿದ್ದು ನೀವೇನಾ? ನನ್ನ ತಂಗಿ ಮಗಳು. ಆಸ್ಪತ್ರೆಗೆ ಅಂಗೇ ಓಗಬೌದಾ?"

"ಅಂಗೇ ಓಗಬೌದು ಕಣಕ್ಕ. ಬನ್ನಿ, ಬಿಡ್ತೀನಿ."

ಹೆಂಗಸು ಆಟೋ ನೋಡಿ ಹಿಂಜರಿದಳು. ಹುಡುಗಿ ತಲೆ ಎತ್ತಿ ಹಾರನ್ನಿನ ಕಡೆ ನೋಡಿದಳು. ಮೈಕ್ ಪಾಲಾಕ್ಷನ ಆಟೋ ಹೋದರೆ ಊರೆಲ್ಲ ತಿರುಗಿ ನೋಡುತ್ತದೆ. ಅದಕ್ಕೆಂದೇ ಅದನ್ನು ಕಟ್ಟಿದ್ದು. ಪಾಲಾಕ್ಷ ಸ್ಟೂಲು ಹಾಕಿಕೊಂಡು ಹತ್ತಿ, ಹಾರನ್ನಿನ ಹಗ್ಗ ಬಿಚ್ಚಿದ. ಹಾರನ್ನನ್ನು ಅಂಗಡಿಯೊಳಗೆ ಮಗುಚಿ ಹಾಕಿ, ಬೀಗ ಹಾಕಿದ. ಬೋಳುತಲೆಯ ಆಟೋ ಹೊರಟಿತು. ದಾರಿಯಲ್ಲಿ ಯಾರೂ ತಿರುಗಿ ನೋಡಲಿಲ್ಲ.

ಆಸ್ಪತ್ರೆಯ ಬಾಗಿಲಲ್ಲಿ ಅವನ ಕಿವಿ ಒಂದೇ ಮಾತಿಗೆ ಹೆದರಿ ಕಾಯುತ್ತಿತ್ತು, ಚೀಟಿ. ಸಂಘಮಿತ್ರಾ ಎದ್ದು ಬಂದು ಹುಡುಗಿಯ ಮುಖ ನೋಡಿದಳು.

"ಬಾರವ್ವ, ಒಳಗೆ ಕೂತ್ಕೋ. ನೀರು ಕುಡೀತೀಯಾ?"

"ಊಂ," ಅಂದಳು ಹುಡುಗಿ.

ಪಾಲಾಕ್ಷ ಹೊರಗೆ ಬಂದು ಆಟೋದಲ್ಲಿ ಕೂತು ಬೀಡಿ ಹಚ್ಚಿದ.

ಮರುದಿನ ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಬೈರಯ್ಯ ಹಿಡಿದುಕೊಂಡ. "ಏನ್ಲಾ, ನೆನ್ನೆ ಗಾಡಿ ತಲೆ ಬೋಳಿಸ್ಬುಟ್ಟಿದ್ದೆ? ಯಾವ ದೇವ್ರಿಗೆ ಹರಕೆ?"

"ಹಾರನ್ ಕೆಟ್ಟಿತ್ತು. ರಿಪೇರಿಗೆ ಕೊಟ್ಟಿದ್ದೆ."

ರಾತ್ರಿ ಊಟಕ್ಕೆ ಕೂತಾಗ ಲಕ್ಷ್ಮಿದೇವಮ್ಮ ಕೇಳಿದಾಗಲೂ ಅದನ್ನೇ ಹೇಳಿದ. ಎಮ್ಮೆ ಕಳೆದದ್ದನ್ನೂ ಊರಿಗೆ ಸಾರುವವನ ಮುಖವನ್ನು ಅವಳು ಒಂದು ಗಳಿಗೆ ನೋಡಿದಳು. ಬೆಳಿಗ್ಗೆ ತಾನೇ ಕಸ ಗುಡಿಸುವಾಗ ಅಂಗಡಿಯೊಳಗೆ ಮಗುಚಿಕೊಂಡಿದ್ದ ಹಾರನ್ನನ್ನು ಗೋಡೆಗೆ ಒರಗಿಸಿಟ್ಟಿದ್ದವಳು, ಹೆಚ್ಚು ಕೇಳದೆ ಇನ್ನೊಂದು ಮುದ್ದೆ ಹಾಕಿದಳು.